ಯಾವುದರಿಂದ ಭಾಗಿಸಬೇಕು?

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಪ್ಪ ಒಂದು ಪ್ರಶ್ನೆ ಕೇಳಿದರು. ನಮ್ಮದು ಪಾವಗಡ ತಾಲ್ಲೂಕು. ತಿರುಮಣಿ ಕಡೆ ಇರೋ ನಮ್ಮ ನಾಲ್ಕು ಎಕರೆ ಖುಷ್ಕಿ ಹೊಲ ಈಗ ಸೋಲಾರ್ ಪಾರ್ಕಿನ ಬೇಲಿಯೊಳಗಿದೆ. ಸಂಜೆ ಇಬ್ಬರೂ ಬೇಲಿ ಪಕ್ಕದ ರಸ್ತೆಯಲ್ಲಿ ನಡೀತಾ ಇದ್ವಿ. ಅಪ್ಪ ನಿಂತು, ಬೇಲಿಯಾಚೆ ಕೈ ತೋರಿಸಿ ಕೇಳಿದರು: "ಅಲ್ಲಪ್ಪಾ, ಇಂಜಿನಿಯರ್ ಓದಿದ್ದೀಯ, ನಮ್ ನಾಕ್ ಎಕರೇನಾಗೆ ಎಷ್ಟ್ ಕರೆಂಟು ಬತ್ತೈತೆ?"

ಮೊಬೈಲ್ ತೆಗೆದು ಅಲ್ಲೇ ಲೆಕ್ಕ ಹಾಕಿದೆ. ಪಾರ್ಕು ಸುಮಾರು 13,000 ಎಕರೆ, ಸಾಮರ್ಥ್ಯ 2,050 ಮೆಗಾವಾಟ್. ಅಂದರೆ ಎಕರೆಗೆ ಸುಮಾರು 158 ಕಿಲೋವಾಟ್, ನಾಲ್ಕು ಎಕರೆಗೆ 630 ಕಿಲೋವಾಟ್. ಅಪ್ಪನಿಗೆ ಹೇಳಿದೆ. "ಜಾಸ್ತೀನಾ ಕಮ್ಮೀನಾ?" ಅಂದರು. ಉತ್ತರ ತಕ್ಷಣ ಹೊಳೀಲಿಲ್ಲ. ಆ "ಜಾಸ್ತೀನಾ ಕಮ್ಮೀನಾ" ಅನ್ನೋ ಪ್ರಶ್ನೆಗೆ ಇಂಜಿನಿಯರುಗಳು ಇಟ್ಟಿರೋ ಹೆಸರೇ ಪವರ್ ಡೆನ್ಸಿಟಿ, ಕನ್ನಡದಲ್ಲಿ ಶಕ್ತಿ ಸಾಂದ್ರತೆ ಅನ್ನಬಹುದು. ಇದಕ್ಕೊಂದು ಉದ್ದನೆಯ ಕಥೆ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಎನರ್ಜಿ ಬೇರೆ, ಪವರ್ ಬೇರೆ. ಬಿಂದಿಗೆಯಲ್ಲಿ ಇರೋ ನೀರು ಎನರ್ಜಿ ಆದರೆ, ಅದು ಎಷ್ಟು ಬೇಗ ಹೊರಗೆ ಸುರೀತದೆ ಅನ್ನೋದು ಪವರ್. ನಮ್ಮೂರಿನ ಉದಾಹರಣೇನೇ ಕೊಡ್ತೀನಿ. ಒಂದು ಕೆಜಿ ಕಡ್ಲೆಬೀಜದಲ್ಲಿ ಸುಮಾರು 23 ಮೆಗಾಜೂಲ್ ಎನರ್ಜಿ ಇದೆ. ಒಂದು ಕೆಜಿ ಟಿಎನ್‌ಟಿ ಸಿಡಿಮದ್ದಿನಲ್ಲಿ ಇರೋದು ಬರೀ 4.2 ಮೆಗಾಜೂಲ್. ಕಡ್ಲೆಬೀಜದಲ್ಲಿ ಸಿಡಿಮದ್ದಿಗಿಂತ ಐದು ಪಟ್ಟು ಹೆಚ್ಚು! ಆದರೂ ನಾವು ಹಿಡಿಗಟ್ಟಲೆ ಕಡ್ಲೆಬೀಜ ತಿಂದು ಆರಾಮಾಗಿ ಮಲಗ್ತೀವಿ. ಯಾಕಂದ್ರೆ ಹೊಟ್ಟೆ ಅದನ್ನ ಗಂಟೆಗಟ್ಟಲೆ ನಿಧಾನವಾಗಿ ಕರಗಿಸ್ತದೆ, ಸಿಡಿಮದ್ದು ತನ್ನಲ್ಲಿರೋದನ್ನ ಕಣ್ಣು ಮಿಟುಕಿಸೋದರೊಳಗೆ ಹೊರಹಾಕ್ತದೆ. ವ್ಯತ್ಯಾಸ ಇರೋದು ಪವರಿನಲ್ಲಿ.

ಇನ್ನು ಸಾಂದ್ರತೆ. ಪವರನ್ನ ಯಾವುದೋ ಒಂದರಿಂದ ಭಾಗಿಸಿದರೆ ಸಾಂದ್ರತೆ ಸಿಗ್ತದೆ. ಯಾವುದರಿಂದ ಅನ್ನೋದೇ ಇಲ್ಲಿ ಮುಖ್ಯ. ವಿಮಾನ ಕಟ್ಟೋನು ಕೆಜಿಯಿಂದ ಭಾಗಿಸ್ತಾನೆ, ಚಿಪ್ ಮಾಡೋನು ಚದರ ಸೆಂಟಿಮೀಟರಿನಿಂದ, ಸೋಲಾರ್ ಪಾರ್ಕ್ ಹಾಕೋನು ಚದರ ಮೀಟರಿನಿಂದ. ಎಂಜಿನ್‌ನವರು ಲೀಟರಿನ ಲೆಕ್ಕದಲ್ಲೂ ಹೇಳ್ತಾರೆ. ಹೈಸ್ಕೂಲಲ್ಲಿ ನಮ್ಮ ಮೇಷ್ಟ್ರು ಭಿನ್ನರಾಶಿ ಹೇಳಿಕೊಡುವಾಗ "ಮೇಲಿಂದು ಅಂಶ, ಕೆಳಗಿಂದು ಛೇದ, ಎರಡನ್ನೂ ನೋಡ್ರಪ್ಪಾ" ಅಂತಿದ್ದರು. ನಾವು ಮೇಲಿನದನ್ನಷ್ಟೇ ನೋಡ್ತಿದ್ವಿ.

ಮೊದಲು ಕೆಜಿ ಕಥೆ.

ನಮ್ಮ ತಾತನ ಕಾಲದಲ್ಲಿ ಬಾವಿಗೆ ಕಪಿಲೆ ಇತ್ತಂತೆ. ಜೋಡೆತ್ತು ಇಳಿಜಾರಿನಲ್ಲಿ ಹಗ್ಗ ಎಳೆದರೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರ್ತಿತ್ತು. ಒಂದು ಎತ್ತು ಸುಸ್ತಾಗದೆ ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ಹೆಚ್ಚೂಕಮ್ಮಿ ಅರ್ಧ ಹಾರ್ಸ್‌ಪವರ್, ಸುಮಾರು 370 ವಾಟ್. ಎತ್ತಿನ ತೂಕ 400 ಕೆಜಿ ಅಂತಿಟ್ಟುಕೊಳ್ಳಿ. ಕೆಜಿಗೆ ಒಂದು ವಾಟೂ ಬರಲ್ಲ. ಮನುಷ್ಯನದೂ ಅಷ್ಟೇ: ದಿನವಿಡೀ ದುಡಿಯೋನು ಕೊಡೋದು ಸುಮಾರು 75 ವಾಟ್, ಕೆಜಿಗೆ ಒಂದು ವಾಟ್ ಚಿಲ್ಲರೆ. ಸಾವಿರಾರು ವರ್ಷ ನೆಲದ ಮೇಲಿನ ಎಲ್ಲ ಕೆಲಸ ನಡೆದದ್ದು ಈ ಕೆಜಿಗೆ ಒಂದು ವಾಟ್ ಅನ್ನೋ ಗಡಿಯ ಆಸುಪಾಸಿನಲ್ಲೇ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಎತ್ತು, ಹೆಚ್ಚು ಆಳು. ಬೇರೆ ದಾರಿ ಅಂದ್ರೆ ಗಾಳಿ, ಹರಿಯೋ ನೀರು. ಅವು ಇದ್ದ ಕಡೆಗೆ ನೀವೇ ಹೋಗಬೇಕು.

1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕಾಮನ್ ಕಲ್ಲಿದ್ದಲ ಗಣಿಯಿಂದ ನೀರೆತ್ತೋಕೆ ಉಗಿಯಂತ್ರ ಹಾಕಿದ. ಅದು ಯಂತ್ರ ಅನ್ನೋದಕ್ಕಿಂತ ಕಟ್ಟಡ ಅನ್ನಬೇಕು, ಅಷ್ಟು ದೊಡ್ಡದು. 1769ರಲ್ಲಿ ಜೇಮ್ಸ್ ವ್ಯಾಟ್ ಬೇರೆ ಕಂಡೆನ್ಸರ್ ಇಟ್ಟು ಕಲ್ಲಿದ್ದಲ ಖರ್ಚು ಇಳಿಸೋ ಉಪಾಯಕ್ಕೆ ಪೇಟೆಂಟ್ ತಗೊಂಡ. ವ್ಯಾಟ್ ಒಳ್ಳೆ ವ್ಯಾಪಾರಸ್ಥನೂ ಹೌದು. ಕುದುರೆ ಕಟ್ಟಿ ಕೆಲಸ ಮಾಡಿಸ್ತಿದ್ದವರಿಗೆ "ನನ್ನ ಯಂತ್ರ ಇಷ್ಟು ಕುದುರೆಗೆ ಸಮ" ಅಂತ ಅರ್ಥ ಆಗೋ ಭಾಷೆಯಲ್ಲಿ ಹೇಳಬೇಕಿತ್ತು. ಅದಕ್ಕೇ ಒಂದು ಹಾರ್ಸ್‌ಪವರ್ ಅಂದ್ರೆ ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಅಂತ ಅಳತೆ ಗೊತ್ತು ಮಾಡಿದ. ಇವತ್ತಿನ ಲೆಕ್ಕದಲ್ಲಿ 746 ವಾಟ್. ನಮ್ಮ ಬೋರ್‌ವೆಲ್ ಮೋಟರಿನ ಮೇಲೆ ಈಗಲೂ ಆ ಎಚ್‌ಪಿ ಇದೆ.

ಆದರೆ ವ್ಯಾಟ್ ಕಡಿಮೆ ಒತ್ತಡದ ಉಗೀಲೇ ನಿಂತ. ಹೆಚ್ಚು ಒತ್ತಡದ ಬಾಯ್ಲರ್ ಸಿಡೀತದೆ ಅನ್ನೋ ಭಯ ಅವನಿಗೆ, ಆ ಭಯ ಸುಳ್ಳೂ ಅಲ್ಲ. ಒತ್ತಡ ಕಡಿಮೆ ಇದ್ದರೆ ಅಷ್ಟೇ ಶಕ್ತಿಗೆ ಸಿಲಿಂಡರ್ ದೊಡ್ಡದಾಗಬೇಕು. ಹಾಗಾಗಿ ವ್ಯಾಟನ ಯಂತ್ರ ನೆಲ ಬಿಟ್ಟು ಅಲುಗಾಡಲಿಲ್ಲ. 1800ರಲ್ಲಿ ಪೇಟೆಂಟ್ ಮುಗೀತು. ಕಾರ್ನ್‌ವಾಲ್ ಕಡೆಯ ರಿಚರ್ಡ್ ಟ್ರೆವಿಥಿಕ್ ಹೆಚ್ಚು ಒತ್ತಡದ, ಚಿಕ್ಕ ಎಂಜಿನ್ ಕಟ್ಟಿದ. 1804ರ ಫೆಬ್ರವರಿಯಲ್ಲಿ ವೇಲ್ಸ್‌ನ ಪೆನಿಡ್ಯಾರೆನ್‌ನಲ್ಲಿ ಅದು ಹತ್ತು ಟನ್ ಕಬ್ಬಿಣ ಮತ್ತು ಎಪ್ಪತ್ತು ಜನರನ್ನ ಹಳಿಯ ಮೇಲೆ ಎಳೀತು. ಶಕ್ತಿ ತನ್ನ ತೂಕವನ್ನ ತಾನೇ ಹೊತ್ತು ನಡೀತು. ಪಾಪ, ಆ ತೂಕಕ್ಕೆ ಎರಕದ ಹಳಿಗಳೇ ಮುರಿದವು ಅನ್ನೋದು ಬೇರೆ ಮಾತು.

ನೂರು ವರ್ಷ ಮುಂದೆ ಹೋಗೋಣ. 1903. ಹಾರೋಕೆ ಬೇಕಾದ್ದು ಕೆಜಿಗೆ ಹೆಚ್ಚು ವಾಟ್ ಕೊಡೋ ಎಂಜಿನ್ ಅಂತ ಎಲ್ಲರಿಗೂ ಗೊತ್ತಿತ್ತು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಸ್ಯಾಮ್ಯುಯೆಲ್ ಲ್ಯಾಂಗ್ಲಿಗೆ ಅಲ್ಲಿನ ಸೇನಾ ಇಲಾಖೆ 50,000 ಡಾಲರ್ ಕೊಟ್ಟಿತ್ತು. ಅವನ ಸಹಾಯಕ ಚಾರ್ಲ್ಸ್ ಮ್ಯಾನ್ಲಿ ತಯಾರಿಸಿದ ಎಂಜಿನ್ ಸುಮಾರು 52 ಹಾರ್ಸ್‌ಪವರಿನದು, ನೀರು, ಬ್ಯಾಟರಿ ಎಲ್ಲ ಸೇರಿ ಸುಮಾರು 94 ಕೆಜಿ. ಕೆಜಿಗೆ 400 ವಾಟ್ ದಾಟ್ತದೆ. ಆ ಕಾಲಕ್ಕೆ ಅದ್ಭುತ. ಇನ್ನೊಂದು ಕಡೆ ಸೈಕಲ್ ಅಂಗಡಿಯ ರೈಟ್ ಸಹೋದರರು. ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿಕೊಟ್ಟ ಎಂಜಿನ್ 12 ಹಾರ್ಸ್‌ಪವರ್, ಸುಮಾರು 80 ಕೆಜಿ. ಕೆಜಿಗೆ 110 ವಾಟ್. ಲ್ಯಾಂಗ್ಲಿಯ ಎಂಜಿನ್ನಿನ ಕಾಲು ಭಾಗ.

ಡಿಸೆಂಬರ್ 8ರಂದು ಲ್ಯಾಂಗ್ಲಿಯ ವಿಮಾನ ಮ್ಯಾನ್ಲಿಯನ್ನ ಹೊತ್ತು ಹೊರಟಿತು, ದೋಣಿಮನೆಯ ತುದಿ ಬಿಟ್ಟ ತಕ್ಷಣ ಪೊಟೊಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನ ಬಿಟ್ಟು, 17ಕ್ಕೆ, ರೈಟ್ ಸಹೋದರರು 12 ಸೆಕೆಂಡ್ ಹಾರಿದರು.

ಯಾಕೆ? ಎಂಜಿನ್ ಎಷ್ಟು ಬೇಕು ಅನ್ನೋದನ್ನ ರೈಟ್‌ಗಳು ಮೊದಲೇ ಲೆಕ್ಕ ಹಾಕಿದ್ದರು. 8 ಹಾರ್ಸ್‌ಪವರ್ ಆದರೂ ಸಾಕು ಅಂತಿದ್ದರು. ಉಳಿದ ಸಮಯವನ್ನೆಲ್ಲ ರೆಕ್ಕೆ, ಪ್ರೊಪೆಲ್ಲರ್, ಗಾಳಿಯಲ್ಲಿ ಓಲಾಡದಂತೆ ಹಿಡಿತಕ್ಕೆ ತರೋ ವಿಧಾನ ಇವುಗಳಿಗೆ ಕೊಟ್ಟರು. ಲ್ಯಾಂಗ್ಲಿ ಕಡೆಯವರು ಒಂದು ಸಂಖ್ಯೆಯನ್ನ ಬೆಟ್ಟದಷ್ಟು ಎತ್ತರಕ್ಕೆ ಒಯ್ದರು, ಮಿಕ್ಕಿದ್ದು ಹಿಂದುಳೀತು. ಡ್ಯಾಶ್‌ಬೋರ್ಡಿನಲ್ಲಿ ಒಂದೇ ಮೆಟ್ರಿಕ್ ಹಸಿರಾಗಿಟ್ಟುಕೊಂಡು ಉಳಿದದ್ದೆಲ್ಲ ಉರಿದುಹೋಗೋದನ್ನ ನಾವೂ ಆಫೀಸಲ್ಲಿ ನೋಡಿದ್ದೀವಲ್ಲ, ಅದೇ.

ಈಗ ನಮ್ಮ ನಿಮ್ಮ ಹೊಟ್ಟೆಪಾಡಿಗೆ ಬರೋಣ, ಚದರ ಸೆಂಟಿಮೀಟರ್ ಕಥೆ.

1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಒಂದು ನಿಯಮ ತೋರಿಸಿಕೊಟ್ಟರು. ಟ್ರಾನ್ಸಿಸ್ಟರನ್ನ ಚಿಕ್ಕದು ಮಾಡ್ತಾ ಹೋಗಿ, ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸ್ತಾ ಹೋಗಿ. ಆಗ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ಕೂತರೂ, ವೇಗ ಹೆಚ್ಚಾದರೂ, ಚದರ ಸೆಂಟಿಮೀಟರಿಗೆ ವಾಟ್ ಅಷ್ಟೇ ಇರ್ತದೆ. ಪುಕ್ಕಟೆ ಊಟ ಅಂದ್ರೆ ಇದೇ. 1993ರಲ್ಲಿ ಪೆಂಟಿಯಮ್ ಬಂದಾಗ 60 ಮೆಗಾಹರ್ಟ್ಸ್, 2004ರಲ್ಲಿ ಪೆಂಟಿಯಮ್ 4 ಮುಟ್ಟಿದ್ದು 3.8 ಗಿಗಾಹರ್ಟ್ಸ್. ಹನ್ನೊಂದು ವರ್ಷದಲ್ಲಿ ಅರವತ್ತು ಪಟ್ಟು.

ಅಷ್ಟರಲ್ಲಿ ಊಟ ಮುಗಿದಿತ್ತು. ವೋಲ್ಟೇಜ್ ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಸರಿಯಾಗಿ ಆಫ್ ಆಗದೆ ಕರೆಂಟ್ ಸೋರೋಕೆ ಶುರುವಾಯ್ತು, ನಮ್ಮೂರ ನಲ್ಲಿ ಥರ. ವೋಲ್ಟೇಜ್ ನಿಂತಿತು, ಬಿಸಿ ಏರಿತು. ಆಗಿನ ಪೆಂಟಿಯಮ್ 4 ಚಿಪ್ಪಿನ ವಿಸ್ತೀರ್ಣ ಸುಮಾರು 1.1 ಚದರ ಸೆಂಟಿಮೀಟರ್, ಕುಡೀತಿದ್ದದ್ದು 100 ವಾಟ್ ಆಸುಪಾಸು. ಚದರ ಸೆಂಟಿಮೀಟರಿಗೆ 90 ವಾಟ್. ಹೋಲಿಕೆಗೆ, 1500 ವಾಟಿನ, 18 ಸೆಂಟಿಮೀಟರ್ ಅಗಲದ ಕರೆಂಟ್ ಒಲೆ ತಗೊಳ್ಳಿ: ಚದರ ಸೆಂಟಿಮೀಟರಿಗೆ ಬರೀ 6 ವಾಟ್. ದೋಸೆ ಬೇಯಿಸೋ ಒಲೆಗಿಂತ ಹದಿನೈದು ಪಟ್ಟು ಬಿಸಿಯನ್ನ ಉಗುರಿನಷ್ಟು ಜಾಗದಿಂದ ಹೊರಹಾಕಬೇಕು, ಅದೂ ಚಿಪ್ ಸುಡದ ಹಾಗೆ. 2004ರ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ ಪ್ರಾಸೆಸರ್ 'ತೇಜಸ್'ನ ಯೋಜನೆ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಇಡೋ ದಾರಿಗೆ ತಿರುಗಿತು.

ನಾನು ಬಿಇ ಮಾಡುವಾಗ ಇದು ಗೊತ್ತಿರಲಿಲ್ಲ. ಥ್ರೆಡ್, ಮ್ಯೂಟೆಕ್ಸ್, ಡೆಡ್‌ಲಾಕ್ ಅಂತ ಇಂಟರ್‌ವ್ಯೂಗೆ ಉರು ಹೊಡೀತಿದ್ದೆ. ಎಲ್ಲರ ಮೇಲೂ ಇವನ್ನ ಹೇರಿದ್ದು ಸಾಫ್ಟ್‌ವೇರಿನವರ ಶೋಕಿ ಅಲ್ಲ, ಒಂದು ಚದರ ಸೆಂಟಿಮೀಟರಿನ ಬಿಸಿ. ಇಪ್ಪತ್ತು ವರ್ಷ ಆದಮೇಲೂ ಲ್ಯಾಪ್‌ಟಾಪಿನ ವೇಗ ಐದಾರು ಗಿಗಾಹರ್ಟ್ಸ್ ದಾಟಿಲ್ಲ ನೋಡಿ.

ಕೊನೆಗೆ ಚದರ ಮೀಟರ್. ನಮ್ಮ ಮನೆಗೆ ಬಂದ ಕಥೆ ಇದು.

ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿತು. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಜಲಪಾತ ಅಂದ್ರೆ ಪ್ರಕೃತಿಯೇ ಮಾಡಿಕೊಟ್ಟ ಸಾಂದ್ರತೆ. ಎಲ್ಲೆಲ್ಲೋ ಬಿದ್ದ ಮಳೆ ಒಂದೇ ಕಡೆ ಧುಮುಕ್ತದೆ, ಅಲ್ಲಿ ಒಂದು ಚಿಕ್ಕ ಕಟ್ಟಡ ಸಾಕು. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿ ನಿಲ್ಲಬೇಕಲ್ಲ? ವರ್ಷವಿಡೀ ನೀರು ಬೇಕು ಅನ್ನೋದು ಕನ್ನಂಬಾಡಿ ಕಟ್ಟೆಗೆ ಇದ್ದ ಕಾರಣಗಳಲ್ಲಿ ಒಂದು. ಆಗ ಛೇದಕ್ಕೆ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ನೆಲ ಬಂದು ಸೇರಿತು. ಹಳೇ ಕನ್ನಂಬಾಡಿ ಊರು ಮುಳುಗಿತು.

1964ರ ಲಿಂಗನಮಕ್ಕಿಯಲ್ಲಿ ಇದು ಇನ್ನೂ ಕಣ್ಣಿಗೆ ಕಟ್ಟುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆಗಾರ ನೋಡಿದರೆ ಒಂದು ಕಟ್ಟಡ, ಅಷ್ಟೇ. ಹಿನ್ನೀರು ಹರಡಿದ್ದು ಸುಮಾರು 300 ಚದರ ಕಿಲೋಮೀಟರ್. ಭಾಗಿಸಿ ನೋಡಿ: ಚದರ ಮೀಟರಿಗೆ 3.5 ವಾಟ್ ಕೂಡ ಇಲ್ಲ. ಆ ಛೇದದಲ್ಲಿ ಗದ್ದೆ ಇತ್ತು, ತೋಟ ಇತ್ತು, ದೇವರ ಬನ ಇತ್ತು. ನಾಡಿಗೆ ದೀಪ ಕೊಟ್ಟು ಎದ್ದು ಹೋದ ಕುಟುಂಬಗಳಲ್ಲಿ ಎಷ್ಟೋ ಜನ ಅರವತ್ತು ವರ್ಷದ ಮೇಲೂ ತಾವು ಕೂತ ನೆಲದ ಹಕ್ಕುಪತ್ರಕ್ಕೆ ಅಲೀತಾನೇ ಇದ್ದಾರೆ.

ಇದಕ್ಕೆ ಹೋಲಿಸಿದರೆ ಪಾವಗಡದ್ದು ಉತ್ತಮ. 13,000 ಎಕರೆ ಅಂದ್ರೆ ಸುಮಾರು 53 ಚದರ ಕಿಲೋಮೀಟರ್, ಚದರ ಮೀಟರಿಗೆ 39 ವಾಟ್. ಲಿಂಗನಮಕ್ಕಿಯ ಹತ್ತು ಪಟ್ಟಿಗೂ ಮೇಲೆ. ಅಣೆಕಟ್ಟಿನ ನೀರು ರಾತ್ರಿಯೂ ಓಡ್ತದೆ, ಪ್ಯಾನಲ್ ಮಲಗ್ತದೆ, ಅದು ನಿಜ. ರಾತ್ರಿ, ಮೋಡ, ಸಂಜೆ ಬಿಸಿಲು ಎಲ್ಲ ಕಳೆದು ವರ್ಷದ ಸರಾಸರಿ ಕಾಲು ಭಾಗ ಅಂತ ಧಾರಾಳವಾಗಿ ಹಿಡಿದರೂ ಚದರ ಮೀಟರಿಗೆ ಹತ್ತು ವಾಟಿನ ಆಸುಪಾಸು. ಇಲ್ಲಿ ನೆಲ ಮುಳುಗಲಿಲ್ಲ, ಮಾರಿದ್ದೂ ಅಲ್ಲ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಇತ್ತು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಮಳೆ ನಂಬಿ ಕಡ್ಲೆಕಾಯಿ ಹಾಕಿ, ಬಿತ್ತನೆ ಬೀಜದ ಸಾಲ ಕೂಡ ತೀರಿಸಲಾಗದ ವರ್ಷಗಳನ್ನ ನಾನು ಕಣ್ಣಾರೆ ಕಂಡಿದ್ದೀನಿ. ಅಪ್ಪ ಈಗ ಮೋಡ ನೋಡಿ ನಿಟ್ಟುಸಿರು ಬಿಡಲ್ಲ. ಅಷ್ಟಕ್ಕಾದರೂ ನಾನು ಈ ಪಾರ್ಕಿನ ಪರ.

ಕಡ್ಲೆಕಾಯಿಯನ್ನೂ ಇದೇ ಅಳತೆಯಲ್ಲಿ ನೋಡೋಣ. ಒಳ್ಳೆ ವರ್ಷದಲ್ಲಿ ನಮಗೆ ಎಕರೆಗೆ ನಾಲ್ಕು ಕ್ವಿಂಟಲ್ ಕಾಯಿ ಆಗ್ತಿತ್ತು. ಸಿಪ್ಪೆ ಕಳೆದು ಬೀಜದ ಎನರ್ಜಿಯನ್ನ ವರ್ಷದ ಸೆಕೆಂಡುಗಳಿಂದ ಭಾಗಿಸಿದರೆ, ಎಕರೆಗೆ ಸುಮಾರು 200 ವಾಟ್. ಒಂದು ಎಕರೆ, ಒಂದು ವರ್ಷದ ಬೆವರು, ಎರಡು ಹಳೇ ಬಲ್ಬು! ಅದೇ ಎಕರೆಯಲ್ಲಿ ಪ್ಯಾನಲ್ ಸರಾಸರಿ ಕೊಡೋದು ಹತ್ತಿರ ಹತ್ತಿರ 40 ಕಿಲೋವಾಟ್. ಇನ್ನೂರು ಪಟ್ಟು.

ಹಾಗಾದರೆ ಅಪ್ಪನ ಪ್ರಶ್ನೆಗೆ ಉತ್ತರ "ಜಾಸ್ತಿ" ಅಂತಲೇ ಹೇಳಬಹುದಿತ್ತು. ಆದರೆ ನಾನು ಕೆಲಸ ಮಾಡೋದು ಡೇಟಾ ಸೆಂಟರುಗಳ ಸಾಫ್ಟ್‌ವೇರಿನಲ್ಲಿ. ಈಗ ಎಐಗೆ ಅಂತ ಬರ್ತಿರೋ ರ್‍ಯಾಕುಗಳಲ್ಲಿ ಎನ್‌ವಿಡಿಯಾದ ಎನ್‌ವಿಎಲ್72 ಅನ್ನೋದು ಒಂದು. ನೋಡೋಕೆ ಮನೆಯ ಬೀರುವಿನಷ್ಟಿದೆ. ಒಂದಕ್ಕೇ ಸುಮಾರು 120 ಕಿಲೋವಾಟ್ ಬೇಕು, ತಣ್ಣಗಿಡೋ ಖರ್ಚು ಬೇರೆ. ನಮ್ಮ ನಾಲ್ಕು ಎಕರೆಯ ಸರಾಸರಿ 160 ಕಿಲೋವಾಟ್, ಅದೂ ಧಾರಾಳದ ಲೆಕ್ಕ. ಅಂದರೆ ನಮ್ಮ ಹೊಲ ಪೂರ್ತಿ ಒಂದು ಬೀರುವಿಗೆ ಸರಿಹೋಯ್ತು. ಆ ಬೀರು ನಿಂತಿರೋ ಒಂದು ಚದರ ಮೀಟರಿಗೂ ಕಡಿಮೆ ಜಾಗ ಮತ್ತು ನಮ್ಮ ಹೊಲದ ಒಂದು ಚದರ ಮೀಟರಿನ ನಡುವೆ ಹತ್ತು ಸಾವಿರ ಪಟ್ಟಿಗೂ ಹೆಚ್ಚಿನ ವ್ಯತ್ಯಾಸ ಇದೆ. ನಗರಕ್ಕೂ ಹಳ್ಳಿಗೂ ಇರೋ ಸಂಬಂಧವನ್ನ ಇಷ್ಟು ಚಿಕ್ಕದಾಗಿ ಹೇಳೋ ಬೇರೆ ಸಂಖ್ಯೆ ನನಗೆ ಸಿಕ್ಕಿಲ್ಲ.

ಮನೆಗೆ ಬಂದು ಜಗಲಿ ಮೇಲೆ ಕೂತು ಇದನ್ನ ಅಪ್ಪನಿಗೆ ಹೇಳ್ತಿದ್ದೆ. ಪಕ್ಕದ ಮನೆ ಅಜ್ಜಿ ಎಲೆಅಡಿಕೆ ಹಾಕ್ಕೊಂಡು ಕೇಳಿಸ್ಕೊಳ್ತಿದ್ದಳು. ಅವಳಿಗೆ ಸ್ವಂತ ನೆಲ ಇಲ್ಲ. ಕಳೆ ತೆಗೆಯೋದು, ಕಾಯಿ ಕೀಳೋದು, ಬಿಡಿಸೋದು ಅಂತ ನಮ್ಮ ನಾಲ್ಕು ಎಕರೆಗೇ ವರ್ಷಕ್ಕೆ ನೂರಕ್ಕೂ ಹೆಚ್ಚು ಆಳು ಬೇಕಾಗ್ತಿತ್ತು ಅಂತ ಅಪ್ಪನ ಲೆಕ್ಕ. ಅದರಲ್ಲಿ ಅಜ್ಜಿಯದೂ, ಅವಳ ಸೊಸೆಯದೂ ಒಂದು ಪಾಲು. ಗುತ್ತಿಗೆ ಹಣ ಬರೋದು ಪಹಣಿಯಲ್ಲಿ ಹೆಸರಿರೋರಿಗೆ. ಸೊಸೆ ಈಗ ಬೆಂಗಳೂರಿನಲ್ಲಿ ಮನೆಗೆಲಸ ಮಾಡ್ತಾಳೆ.

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಪಕ್ಕಕ್ಕೆ ಒತ್ತರಿಸಿ ಕೇಳಿದಳು: "ಆ ಬೀರುವಿನಾಗೆ ಎಷ್ಟ್ ಜನಕ್ಕೆ ಕೂಲಿ ಸಿಕ್ತೈತಪ್ಪಾ?"

ಅವಳು ಕೇಳಿದ್ದೂ ಭಾಗಾಕಾರವೇ. ಛೇದ ಮಾತ್ರ ಬೇರೆ. ಕೆಜಿ, ಚದರ ಸೆಂಟಿಮೀಟರ್, ಚದರ ಮೀಟರ್ ಎಲ್ಲ ನಮ್ಮ ಪಠ್ಯದಲ್ಲಿವೆ, ಅವಳದು ಇಲ್ಲ.

ಇದಕ್ಕೆ ಇಂಜಿನಿಯರಿಂಗಿನಲ್ಲಿ ದಾರಿಯೇ ಇಲ್ಲ ಅಂತಲ್ಲ. ಪ್ಯಾನಲ್‌ಗಳನ್ನ ಎತ್ತರಕ್ಕೆ ಏರಿಸಿ, ಸಾಲುಗಳ ನಡುವೆ ಅಂತರ ಬಿಟ್ಟು, ಕೆಳಗೆ ಬೆಳೆ ತೆಗೆಯೋದು, ಕುರಿ ಮೇಯಿಸೋದು ಬೇರೆ ದೇಶಗಳಲ್ಲೂ ನಮ್ಮಲ್ಲೂ ನಡೀತಿದೆ. ಕಂಬಕ್ಕೆ ಖರ್ಚು ಹೆಚ್ಚು, ಚದರ ಮೀಟರಿಗೆ ವಾಟ್ ಕಡಿಮೆ. ಟೆಂಡರಿನ ಹಾಳೆಯಲ್ಲಿ ಎಕರೆಗೆ ಎಷ್ಟು ಮೆಗಾವಾಟ್, ಯೂನಿಟ್ಟಿಗೆ ಎಷ್ಟು ರೂಪಾಯಿ ಅನ್ನೋ ಎರಡೇ ಕಾಲಂ ಇದ್ದರೆ ಅಂಥ ವಿನ್ಯಾಸ ಯಾವತ್ತೂ ಸೋಲ್ತದೆ. ಎಕರೆಗೆ ಎಷ್ಟು ದಿನದ ಕೂಲಿ ಅನ್ನೋ ಮೂರನೇ ಕಾಲಂ ಸೇರಿಸಿದರೆ ಲೆಕ್ಕ ಬದಲಾಗಬಹುದು. ಆ ಕಾಲಂ ಸೇರಿಸೋರು ಎಕ್ಸೆಲ್ ಶೀಟ್ ತೆರೆಯೋ ನಮ್ಮಂಥೋರೇ ತಾನೇ?

ಅಜ್ಜಿಗೆ ಏನು ಹೇಳಿದೆ ಅಂತ ಕೇಳ್ತೀರಾ? "ಒಂದಿಬ್ಬರಿಗೆ ಸಿಗ್ತದಜ್ಜಿ" ಅಂದೆ. "ಅವರೂ ಓದಿರಬೇಕೇನೋ" ಅಂದಳು. ಹೂಂ ಅಂದೆ. ಅವಳು ಎದ್ದು ಸೆರಗು ಕೊಡವಿಕೊಂಡು ಮನೆಗೆ ಹೋದಳು. ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಬೇಲಿಯಾಚೆ ನಮ್ಮ ನಾಲ್ಕು ಎಕರೆ ಆಗಲೇ ಮಲಗಿತ್ತು.